ಶರಣರ ಅಕ್ಕ ಶಿವಗಂಗವ್ವ

ಪುಣೆಗೆಲ್ಲ ಭಾನುವಾರ ರಜೆಯಾದರೆ ಭೋಸರಿಗೆ ಗುರುವಾರ ರಜೆ. ಅಂದು ಎಮ್‌ಐಡಿಸಿ ಕಾರ್ಖಾನೆಗಳ ತಗಡು ಒತ್ತುವ ಪ್ರೆಸ್ಸುಗಳು, ಲೇಥುಗಳು ಬಾಯಿ ಮುಚ್ಚಿಕೊಂಡಿರುತ್ತವೆ. ವಾರವೆಲ್ಲ ಅವುಗಳ ಗದ್ದಲದಲ್ಲಿ ಬಾಯಿ ಮುಚ್ಚಿಕೊಂಡಿದ್ದ ಜನ ಅಂದು ಮಾತಾಡುತ್ತಾರೆ. ಅದಕ್ಕೇ ಅಲ್ಲಿಯ ಕನ್ನಡ ಮಂದಿ ಬಸವ ಜಯಂತಿ ಯಾವ ವಾರ ಬಂದರೂ ಮುಂದಿನ ಗುರುವಾರಕ್ಕೇ ಕಾರ್ಯಕ್ರಮ ಇಟ್ಟುಕೊಳ್ಳುವುದು. ಈ ವರ್ಷದ ಆ ಗುರುವಾರ ಶಿವಗಂಗವ್ವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಿಸಿಲೇರುವಷ್ಟರಲ್ಲಿ ಏಳುನೂರು ಜೋಳದ ರೊಟ್ಟಿ ಬಡಿದು ಬುಟ್ಟಿಗೆ ತುಂಬಿಸಿಯಾಗಿತ್ತು, ಎಣಗಾಯಿ ಪಲ್ಯ ಕುದಿಯುತ್ತಿತ್ತು, ಶೇಂಗಾ ಹೋಳಿಗೆ ಆರುತ್ತಿದ್ದವು. ಕೈಕೆಳಗಿನ ನಾಲ್ವರು ಹೆಂಗಸರಿಗೆ ಆಕೆ ಹತ್ತನೆಯ ಸಲ ಅದೇ ಸುದ್ದಿ ಹೇಳುತ್ತಿದ್ದಳು: ಇವತ್ತು ಹನ್ನೊಂದೂವರೆಗೆ ಕನ್ನಡ ಸಂಘದ ವೇದಿಕೆಯ ಮೇಲೆ ತನ್ನ ತಮ್ಮ ಹೊಳಬಸಪ್ಪನಿಗೆ ಸತ್ಕಾರ. ಶಾಲು, ಹಾರ, ಹಣ್ಣಿನ ಬುಟ್ಟಿ. ತಮ್ಮನಿಗಾದ ಮೇಲೆ ತನಗೂ ಒಂದು ಶಾಲು.

ಆ ಶಾಲಿಗಾಗಿ ಆಕೆ ಎಷ್ಟು ವರ್ಷ ಹಸಿದಿದ್ದಳು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಶಿವಗಂಗವ್ವ ಇಂಡಿ ತಾಲೂಕಿನವಳು. ಟೆಂಪೋ ಓಡಿಸುವ ಮಾಂತುವಿನ ಕೈಹಿಡಿದು ಹತ್ತೊಂಬತ್ತನೆಯ ವಯಸ್ಸಿಗೆ ಭೋಸರಿಗೆ ಬಂದಳು. ಫೌಂಡ್ರಿಯಲ್ಲಿ ದುಡಿಯುತ್ತಿದ್ದ ತಮ್ಮೂರ ಕಡೆಯ ಆರು ಜನ ಹುಡುಗರಿಗೆ ರೊಟ್ಟಿ ಬಡಿದುಕೊಡಲು ಶುರುಮಾಡಿದವಳು, ಇಂದು ಐವತ್ತನಾಲ್ಕರಲ್ಲಿ ದೂರದ ಹಡಪಸರದ ಆಫೀಸುಗಳಿಗೂ ಖಡಕ್ ರೊಟ್ಟಿಯ ಪಾಕೀಟು ಕಳಿಸುತ್ತಾಳೆ. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಒಂದು ಹಿಡಿ ಹೆಚ್ಚು. ಯಾರನ್ನು ಏನು ಕೇಳಿದರೂ ಉತ್ತರ ಶಿವಗಂಗವ್ವನದೇ. ಮಾಂತುವನ್ನು ನಿನಗೆ ಚಹಾ ಬೇಕೋ ಬೇಡವೋ ಎಂದು ಕೇಳಿದರೆ ‘ಅವರಿಗೆ ಬ್ಯಾಡ್ರಿ, ಈಗ ಕುಡದಾರ’ ಎಂದು ಒಳಗಿನಿಂದ ಆಕೆಯೇ ಹೇಳುವಳು. ಮೂವತ್ತೈದು ವರ್ಷ ಸಂಸಾರ ಮಾಡಿ ಮಾಂತು ತನ್ನ ಬಾಯನ್ನು ಎಲೆಯಡಿಕೆಗೆ ಮಾತ್ರ ಎಂದು ಬಿಟ್ಟುಕೊಟ್ಟಿದ್ದ.

ಹೊಳಬಸಪ್ಪ ಆಕೆಗಿಂತ ಎಂಟು ವರ್ಷ ಚಿಕ್ಕವನು. ಹದಿನೆಂಟಕ್ಕೆ ಅವನನ್ನು ಕರೆಸಿ ಐಟಿಐಗೆ ಹಾಕಿದವಳೂ ಅಕ್ಕನೇ. ಅವನು ಪ್ರೆಸ್ಸಿನ ಅಚ್ಚು ಕೂಡಿಸುವ ಡೈ ಫಿಟ್ಟರ್ ಆದ, ಅದೂ ಎಂಥ ಫಿಟ್ಟರ್! ಉಕ್ಕಿನ ಅಚ್ಚಿನ ಮೇಲೆ ಬೆರಳ ತುದಿ ಆಡಿಸಿ, ಇಲ್ಲಿ ಕೂದಲೆಳೆಯಷ್ಟು ಏರಿದೆ ಎಂದು ಹೇಳುವನು. ಅಳೆದು ನೋಡಿದರೆ ಏರಿರುತ್ತಿತ್ತು. ಇಪ್ಪತ್ತಾರನೆಯ ವಯಸ್ಸಿಗೆ ಪ್ರೆಸ್ಸು ಬಡಿಯುವ ಸದ್ದಿನಲ್ಲಿ ಯಾರೋ ತನ್ನ ಹೆಸರು ಹಿಡಿದು ಬೈಯುವುದು ಅವನಿಗೆ ಕೇಳಿಸತೊಡಗಿತು. ಆಮೇಲೆ ಪ್ರೆಸ್ಸು ನಿಂತರೂ ಬೈಗುಳ ನಿಲ್ಲಲಿಲ್ಲ. ದವಾಖಾನೆಯಲ್ಲಿ ಅದಕ್ಕೆ ಸ್ಕಿಜೋಫ್ರೇನಿಯಾ ಎಂದರು. ಗುಳಿಗೆ ನುಂಗಿದರೆ ಕೈ ನಡುಗುತ್ತದೆ, ದಾರೂ ಕುಡಿದರೆ ಬೈಯುವವರು ತಾಸೊಪ್ಪತ್ತು ಸುಮ್ಮನಾಗುತ್ತಾರೆ ಎಂಬುದನ್ನು ಅವನೇ ಕಂಡುಕೊಂಡ. ಗುಳಿಗೆ ಬಿಟ್ಟ, ದಾರೂ ಹಿಡಿದ. ಮದುವೆಯಾಗಿದ್ದವಳು ಎರಡನೆಯ ವರ್ಷ ತವರಿಗೆ ಹೋಗಿ ಅಲ್ಲೇ ಉಳಿದಳು. ಅವಳನ್ನು ಬೈಯಲು ಶಿವಗಂಗವ್ವನಂಥವಳಿಗೂ ಬಾಯಿ ಬರಲಿಲ್ಲ.

ಹದಿನೆಂಟು ವರ್ಷ ಹೀಗೇ ಹೋಯಿತು. ಒಮ್ಮೆ ನಾಸಿಕ್ ರಸ್ತೆಯ ನಟ್ಟನಡುವೆ ನಿಂತು ಲಾರಿಗಳನ್ನು ಹಿಂದಕ್ಕೆ ಕಳಿಸುತ್ತಿದ್ದವನನ್ನು ಮಾಂತು ಹೆಗಲ ಮೇಲೆ ಹೊತ್ತು ತಂದ. ಒಮ್ಮೆ ಚರಂಡಿಯಿಂದ ಎತ್ತಿ ತಂದರು. ಹನ್ನೊಂದು ಸಲ ದವಾಖಾನೆಗೆ ಸೇರಿಸಿದರು. ಅಂಗಡಿಗೆ ಹೋದರೆ, ನಲ್ಲಿಗೆ ಹೋದರೆ, ಬೆನ್ನ ಹಿಂದೆ ‘ಹುಚ್ಚನ ಅಕ್ಕ’ ಎಂಬ ಮಾತು. ಮುಖದ ಮೇಲೆ ಬೈದಿದ್ದರೆ ಶಿವಗಂಗವ್ವ ನಾಲ್ಕು ಮಾತು ತಿರುಗಿಸಿ ಕೊಡುತ್ತಿದ್ದಳು. ಅಯ್ಯೋ ಪಾಪ ಎನ್ನುವವರಿಗೆ ಏನು ಕೊಡುವುದು? ಆಕೆಗೆ ಅದೇ ಹೆಚ್ಚು ಉರಿಯುತ್ತಿತ್ತು.

ಎರಡು ವರ್ಷದ ಹಿಂದೆ ದೇವರು ಕಣ್ಣು ಬಿಟ್ಟ ಎಂದೇ ಆಕೆ ತಿಳಿದಳು. ಸರ್ಕಾರಿ ದವಾಖಾನೆಗೆ ರಂಜನಾ ಎಂಬ ಹೊಸ ಡಾಕ್ಟರ್ ಬಂದಿದ್ದರು. ಅವರು ಹೊಳಬಸಪ್ಪನನ್ನು ಒಂದೂವರೆ ತಿಂಗಳು ಇಟ್ಟುಕೊಂಡು ಕುಡಿತ ಬಿಡಿಸಿದರು. ದಿನದ ಗುಳಿಗೆಯ ರಗಳೆ ಬೇಡವೆಂದು ತಿಂಗಳಿಗೊಂದು ಇಂಜೆಕ್ಷನ್ ಶುರುಮಾಡಿದರು. ಬೈಯುವವರ ದನಿ ಮೊದಲು ಸಣ್ಣದಾಯಿತು, ಆಮೇಲೆ ನಿಂತೇ ಹೋಯಿತು. ದಾರೂ ಮುಟ್ಟಲಿಲ್ಲ. ಮತ್ತೆ ತನ್ನ ಟೂಲ್‌ರೂಮಿಗೂ ಹೋಗತೊಡಗಿದ. ಶಿವಗಂಗವ್ವ ಹಾಲು ಕುಡಿದಷ್ಟು ಹಿಗ್ಗಿದಳು.

ಆಮೇಲೆ ಅವನು ಸುಮ್ಮನಾದ. ಮೊದಲು ಮಾತು ಕಡಿಮೆಯಾಯಿತು, ಮುಂದೆ ನಿಂತಿತು. ನಾಲ್ಕು ರೊಟ್ಟಿ ತಿನ್ನುವವನು ಒಂದಕ್ಕೆ ಬಂದ. ನಸುಕಿನ ಮೂರಕ್ಕೇ ಎಚ್ಚರಾಗಿ, ಜಳಕ ಮಾಡಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತರೆ ಎರಡು ತಾಸು ಅಲುಗಾಡುವುದಿಲ್ಲ. ಕಣ್ಣು ಅರೆ ತೆರೆದಿರುತ್ತವೆ. ಬೈದರೂ ಸಿಟ್ಟಿಲ್ಲ, ನಗಿಸಿದರೂ ನಗುವಿಲ್ಲ. ಇದನ್ನು ನೋಡಿ ಮೊದಲು ಕೈಮುಗಿದವನು ಬಸವಲಿಂಗ. ಹಾರ್ಡ್‌ವೇರ್ ಅಂಗಡಿಯವನು, ಕನ್ನಡ ಸಂಘದ ಕಾರ್ಯದರ್ಶಿ, ಒಳ್ಳೆಯವನು. ಒಳ್ಳೆಯದನ್ನು ಕಂಡರೆ ಕರಗಿಬಿಡುವ ಗುಣ ಅವನದು. ಮೂರಕ್ಕೆ ಏಳುವುದೆಂದರೆ ಬ್ರಾಹ್ಮೀ ಮುಹೂರ್ತ ಎಂದ. ಒಂದು ರೊಟ್ಟಿಯೆಂದರೆ ಮಿತಾಹಾರ. ಮಾತು ಬೆಳ್ಳಿ, ಮೌನ ಬಂಗಾರ. ಕುಡಿದು ಬೀದಿಯಲ್ಲಿ ಬಿದ್ದವನನ್ನು ಲಿಂಗದೇವ ಹೀಗೆ ಎತ್ತಿ ಕೂಡಿಸಿದನಲ್ಲ ಎಂದು ಹೇಳುವಾಗ ಅವನ ಕಣ್ಣಲ್ಲಿ ನೀರು.

ಅಂಗೈಯಲ್ಲಿ ಲಿಂಗ ಹಿಡಿದು ಕೂತ ಹೊಳಬಸಪ್ಪನ ಫೋಟೋ ಸಂಘದ ವಾಟ್ಸಾಪಿಗೆ ಹೋಯಿತು. ‘ಭೋಸರಿಯ ಶರಣರು’ ಎಂದು ಅದರ ಕೆಳಗೆ ಬರೆದಿತ್ತು. ಮರುವಾರ ಇಬ್ಬರು ಹೆಂಗಸರು ಪರೀಕ್ಷೆಗೆ ಹೋಗುವ ಮಕ್ಕಳನ್ನು ಕರೆತಂದು ಅವನ ಕಾಲಿಗೆ ಬೀಳಿಸಿದರು. ಹೊಸ ಗಾಡಿ ಕೊಂಡವನೊಬ್ಬ ಬೀಗದ ಕೈ ತಂದು ಅವನ ಕೈಗೆ ಮುಟ್ಟಿಸಿಕೊಂಡು ಹೋದ. ಹೊಳಬಸಪ್ಪ ಏನನ್ನೂ ಬೇಡವೆನ್ನಲಿಲ್ಲ, ಬೇಕೂ ಎನ್ನಲಿಲ್ಲ. ನಲ್ಲಿಯ ಹತ್ತಿರ ಶಿವಗಂಗವ್ವನಿಗೆ ಜನ ಸರಿದು ದಾರಿ ಬಿಟ್ಟರು. ಹಿಂದೆ ‘ಹುಚ್ಚನ ಅಕ್ಕ’ ಎನ್ನುತ್ತಿದ್ದ ಬಾಯಿಗಳೇ ಈಗ ‘ಶರಣರ ಅಕ್ಕಾರು’ ಎನ್ನತೊಡಗಿದವು. ಅದನ್ನು ಕೇಳಿದ ದಿನ ಆಕೆ ತುಂಬಿದ ಕೊಡವನ್ನು ಮನೆಯವರೆಗೆ ಹೇಗೆ ತಂದಳೋ ಆಕೆಗೇ ನೆನಪಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಆಕೆಗೆ ಗೊತ್ತಿಲ್ಲದ ಮಾತೇನಲ್ಲ. ತಟ್ಟೆಯಲ್ಲಿ ಉಳಿದ ಅರ್ಧ ರೊಟ್ಟಿಯನ್ನು ದಿನಾ ಎತ್ತುವವಳು ಆಕೆಯೇ. ತಮ್ಮನು ತನ್ನ ಮೊದಲ ಪಗಾರದಲ್ಲಿ ಕೊಂಡಿದ್ದ ಅಳತೆಯ ಮೈಕ್ರೋಮೀಟರನ್ನು, ಕೂಸಿನಂತೆ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದನ್ನು, ಪಕ್ಕದ ಶೆಡ್ಡಿನ ಹೊಸ ಫಿಟ್ಟರಿಗೆ ಕೊಟ್ಟುಬಿಟ್ಟಾಗ ಇದೇಕೆ ಹೀಗೆ ಎಂಬ ಅನುಮಾನ ಆಕೆಗೆ ಬಂತು. ಹೀಗೇ ಯಾರ ಯಾರ ಕೈಗೋ ಕೈಗಡಿಯಾರ ಹೋಯಿತು, ಫೋನು ಹೋಯಿತು. ವೈರಾಗ್ಯ ಎಂದ ಬಸವಲಿಂಗ. ಆಕೆಯೂ ಹೌದೆಂದಳು. ಹೌದೆನ್ನುವುದು ಎಷ್ಟು ಸುಖವಾಗಿತ್ತು! ಬಂದಿದ್ದ ಅನುಮಾನವನ್ನು ರೊಟ್ಟಿಯ ಹಿಟ್ಟಿನ ಜೊತೆ ನಾದಿಬಿಟ್ಟಳು.

ದವಾಖಾನೆಯಲ್ಲಿಯೂ ಆಗುತ್ತಿದ್ದದ್ದು ಅದೇ. ತಿಂಗಳಿಗೊಮ್ಮೆ ಮಾಂತುವಿನ ಟೆಂಪೋದಲ್ಲಿ ಮೂವರೂ ಹೋಗುವರು. ಹೊರಗೆ ನೂರು ಜನರ ಸಾಲು. ಡಾಕ್ಟರ್ ರಂಜನಾ ಮರಾಠಿಯಲ್ಲಿ, ಹೊಳಬಸಪ್ಪಾ ಹೇಗಿದ್ದೀ ಎಂದು ಕೇಳಿದರೆ ಅವನು ಅಕ್ಕನ ಮುಖ ನೋಡುವನು. ‘ಏಕದಮ್ ಛಾನ್, ಮ್ಯಾಡಮ್’, ಬಹಳ ಚೆನ್ನಾಗಿದ್ದಾನೆ, ಎನ್ನುವಳು ಶಿವಗಂಗವ್ವ. ದನಿ ಕೇಳಿಸುತ್ತವೆಯೇ? ನಾಹೀ. ದಾರೂ? ನಾಹೀ, ನಾಹೀ. ನಿದ್ದೆ? ಮೂರಕ್ಕೇ ಎದ್ದು ಪೂಜೆ ಮಾಡುತ್ತಾನೆ, ಮ್ಯಾಡಮ್. ಡಾಕ್ಟರು ಒಮ್ಮೆ ಪೆನ್ನು ಕೆಳಗಿಟ್ಟು, ಮುಂದಿನ ಸಲ ಇವನೊಬ್ಬನ ಜೊತೆ ಅರ್ಧ ತಾಸು ಕೂತು ಮಾತಾಡಬೇಕು, ನೀವು ಹೊರಗಿರಿ ಎಂದಿದ್ದರು. ಮುಂದಿನ ಸಲ ಶಿವಗಂಗವ್ವನಿಗೆ ಮದುವೆಯೊಂದರ ಎರಡು ಸಾವಿರ ರೊಟ್ಟಿಯ ಗಡಿಬಿಡಿ. ಮಾಂತು ಒಬ್ಬನೇ ಅವನನ್ನು ಕರೆದೊಯ್ದು, ನರ್ಸಿನ ಕೈಯಲ್ಲಿ ಇಂಜೆಕ್ಷನ್ ಮಾಡಿಸಿಕೊಂಡು ಬಂದುಬಿಟ್ಟ. ಅದಾಗಿ ಮೂರು ವಾರವಾಗಿತ್ತು.

ಈಗ ಗುರುವಾರಕ್ಕೆ ಬರೋಣ. ಹತ್ತೂವರೆಗೆ ಶಿವಗಂಗವ್ವ ಕೈ ತೊಳೆದು, ಪೆಟ್ಟಿಗೆಯ ತಳದಲ್ಲಿದ್ದ ಇಳಕಲ್ ಸೀರೆ ಉಟ್ಟಳು. ಹೊರಗೆ ಮಾಂತು ಟೆಂಪೋಕ್ಕೆ ರೊಟ್ಟಿಯ ಬುಟ್ಟಿಗಳನ್ನು, ಪಲ್ಯ ಹೋಳಿಗೆಯ ಪಾತ್ರೆಗಳನ್ನು ಏರಿಸುತ್ತಿದ್ದ. ಶರಣರನ್ನು ಕರೆದೊಯ್ಯಲು ಬಸವಲಿಂಗ ರೇಷ್ಮೆ ಜುಬ್ಬಾ ತೊಟ್ಟು ಬಂದು ಬಾಗಿಲಲ್ಲಿ ನಿಂತಿದ್ದ. ಸಭಾಂಗಣದಲ್ಲಿ ಮುನ್ನೂರು ಜನ ಕೂತಿದ್ದಾರೆ, ಮಕ್ಕಳು ವಚನ ಹಾಡಲು ಶುರುಮಾಡಿದ್ದಾರೆ ಎಂದು ಅವನಿಗೆ ಫೋನಿನ ಮೇಲೆ ಫೋನು. ಅಡುಗೆಮನೆಯ ಹಿಂದಿನ ಕೋಣೆಯಿಂದ ಹೊಳಬಸಪ್ಪ ‘ಅಕ್ಕಾ’ ಎಂದು ಕರೆದ. ಅವನು ತಾನಾಗಿ ಕರೆದು ಎಷ್ಟು ತಿಂಗಳಾಗಿತ್ತು! ಆಕೆ ಓಡಿದಳು.

ಅವನು ಬಿಳಿ ಧೋತರ ಉಟ್ಟು, ವಿಭೂತಿ ಹಚ್ಚಿ, ಮಂಚದ ಮೇಲೆ ಕೂತಿದ್ದ. ಕೊರಳಿನ ಶಿವದಾರ ಬಿಚ್ಚಿದ್ದ. ಇಷ್ಟಲಿಂಗವಿದ್ದ ಬೆಳ್ಳಿಯ ಗುಂಡಗಡಗಿಯನ್ನು ದಾರದ ಸಮೇತ ಎತ್ತಿ ಅಕ್ಕನ ಅಂಗೈಯಲ್ಲಿಟ್ಟ.

‘ಇದು ನಿನ್ನ ಕಡೆ ಇರಲಿ.’

ಆಕೆಯ ಹಿಂದೆಯೇ ಬಂದು ಕೋಣೆಯ ಬಾಗಿಲಲ್ಲಿ ನಿಂತ ಬಸವಲಿಂಗ ಇದನ್ನು ನೋಡಿದ. ಅವನ ಮೈ ಜುಮ್ಮೆಂದಿತು. ನಿಜವಾಗಿ ಜುಮ್ಮೆಂದಿತು, ಅದರಲ್ಲಿ ನಾಟಕವಿರಲಿಲ್ಲ. ಇದು ಕೊನೆಯ ಮೆಟ್ಟಿಲು, ಶರಣರು ಸಾಕಾರವನ್ನೂ ದಾಟಿದರು, ಲಿಂಗ ಅಂಗ ಎಂಬ ಭೇದವೇ ಅಳಿಯಿತು ಎಂದು ಗದ್ಗದನಾಗಿ, ವೇದಿಕೆಯ ಮೇಲೆ ಮೊದಲು ಇದನ್ನೇ ಹೇಳಬೇಕು ಎಂದು ಫೋನು ತೆಗೆದ.

ಶಿವಗಂಗವ್ವ ಅಂಗೈ ನೋಡುತ್ತ ನಿಂತಳು. ಗುಂಡಗಡಗಿ ತಮ್ಮನ ಎದೆಯ ಶಾಖದಿಂದ ಇನ್ನೂ ಬೆಚ್ಚಗಿತ್ತು. ಆಕೆಗೆ ಶಾಸ್ತ್ರ ಗೊತ್ತಿಲ್ಲ, ವಚನವೂ ನಾಲ್ಕೈದಕ್ಕಿಂತ ಹೆಚ್ಚು ಬಾರದು. ಒಂದು ಮಾತ್ರ ಗೊತ್ತು: ಹುಟ್ಟಿದ ಕೂಸಿಗೆ ಕಟ್ಟಿದ ಲಿಂಗ ಮೈ ಬಿಡುವುದಿಲ್ಲ. ಅವ್ವ ತೀರಿಕೊಂಡಾಗಲೂ ಅವಳ ಎಡ ಅಂಗೈಯಲ್ಲಿ ಲಿಂಗ ಇಟ್ಟೇ ಮಣ್ಣು ಮಾಡಿದ್ದರು. ಸತ್ತವರೂ ತಮ್ಮದನ್ನು ತಮ್ಮ ಜೊತೆಗೇ ಒಯ್ಯುತ್ತಾರೆ. ಹಾಗಿದ್ದ ಮೇಲೆ ಇವನು ಯಾಕೆ ಇದನ್ನು ಬಿಟ್ಟು ಹೋಗುತ್ತಿದ್ದಾನೆ? ಹೋಗುತ್ತಿದ್ದಾನೆ ಎಂಬ ಮಾತು ತನ್ನ ತಲೆಯಲ್ಲಿ ಯಾಕೆ ಬಂತು? ಮೈಕ್ರೋಮೀಟರು, ಗಡಿಯಾರ, ಫೋನು, ಈಗ ಇದು.

ಬಸವಲಿಂಗನನ್ನು ಹೊರಗೆ ದೂಡಿ ಕೋಣೆಯ ಬಾಗಿಲು ಹಾಕಿದಳು. ತಮ್ಮನ ಎದುರು ನೆಲದ ಮೇಲೆ ಕೂತಳು, ಇಳಕಲ್ ಸೀರೆಯ ಮಡಿಕೆ ಮುರಿದರೆ ಮುರಿಯಲಿ ಎಂದು.

‘ತಮ್ಮಾ, ಸಾಯಬೇಕಂತ ಮಾಡೀಯೇನು?’

ಅಂಥದ್ದೇನಿಲ್ಲ ಎನ್ನು, ಎಂಬ ಮಾತು ಆಕೆಯ ನಾಲಿಗೆಯ ತುದಿಯಲ್ಲಿ ಬಂದು ನಿಂತಿತ್ತು. ಜೀವಮಾನದಲ್ಲಿ ಮೊದಲ ಸಲ ಅದನ್ನು ನುಂಗಿದಳು. ಹೊರಗೆ ಮಾಂತು ಹಾರ್ನ್ ಬಾರಿಸಿದ. ಅವನು ಇನ್ನೊಮ್ಮೆ ಬಾರಿಸಿದ. ಹೊಳಬಸಪ್ಪ ‘ಹೂಂ’ ಎಂದ.

ಯಾವಾಗಿನಿಂದ ಎಂದು ಕೇಳಿದಳು. ಕುಡಿತ ಬಿಟ್ಟು ದನಿಗಳೂ ನಿಂತ ಮೇಲೆ ಎಂದ. ಮತ್ತೆ ಇಷ್ಟು ದಿನ ಯಾಕೆ ತಡೆದೆ ಎಂದು ಆಕೆ ಕೇಳುವ ಮೊದಲು ಅವನೇ ಹೇಳಿದ.

‘ಇವತ್ತಿಂದು ಮುಗೀಲಿ ಅಂತಿದ್ದೆ. ನಿನಗೂ ಶಾಲು ಹೊದಸ್ತಾರಂತಲ್ಲ. ಅದೊಂದು ಆಗಲಿ ಅಂತ.’

ಮರುಗಳಿಗೆ ಶಿವಗಂಗವ್ವ ಬಾಗಿಲು ದಢಾರನೆ ತೆರೆದು, ತಮ್ಮನ ರಟ್ಟೆ ಹಿಡಿದು ಎಬ್ಬಿಸಿ, ಟೆಂಪೋ ಸಭೆಗಲ್ಲ ದವಾಖಾನೆಗೆ ಹೋಗುತ್ತದೆ ಎಂದು ಕೂಗಿದಳು. ಬೀದಿಯ ಎರಡೂ ಬದಿಯ ಮನೆಗಳಿಂದ ತಲೆಗಳು ಹೊರಬಂದವು. ಬಸವಲಿಂಗ ಅಡ್ಡ ಬಂದು, ಏನಾಯಿತು ಎಂದು ತಿಳಿಯದೆ, ಮುನ್ನೂರು ಜನ ಕಾಯುತ್ತಿದ್ದಾರೆ, ಮುಖ್ಯ ಅತಿಥಿಗಳು ಬಂದಾಗಿದೆ, ಎರಡೇ ತಾಸು ತಡೆದು ಸತ್ಕಾರ ಮುಗಿಸಿಕೊಂಡು ಹೋಗಬಹುದಲ್ಲ ಎಂದ.

‘ಬಸವಲಿಂಗಣ್ಣಾ,’ ಎಂದಳು ಶಿವಗಂಗವ್ವ, ‘ಶಾಲು ಹೊದಸಾಕ ಎರಡು ತಾಸಿನ ಮ್ಯಾಲ ಮನಷ್ಯಾ ಇರಬೇಕಲ್ರಿ.’

ಅವನ ಮುಖ ಬಿಳಿಚಿಕೊಂಡಿತು. ಹೊಳಬಸಪ್ಪನನ್ನು ನೋಡಿದ, ಆಕೆಯ ಕೈಯಲ್ಲಿದ್ದ ಲಿಂಗವನ್ನು ನೋಡಿದ. ಆಮೇಲೆ ಟೆಂಪೋದ ಹಿಂದೆ ಹತ್ತಿ, ರೇಷ್ಮೆ ಜುಬ್ಬಾ ಸಮೇತ ರೊಟ್ಟಿಯ ಬುಟ್ಟಿಗಳ ನಡುವೆ ಕೂತುಬಿಟ್ಟ.

ಹನ್ನೆರಡೂವರೆಗೆ ದವಾಖಾನೆಯ ಕೇಸ್ ಪೇಪರ್ ಕಿಟಕಿ, ರೋಗಿಯ ಚೀಟಿ ಬರೆದುಕೊಡುವ ಕಿಟಕಿ, ಮುಚ್ಚುತ್ತದೆ. ಆಗ ಹನ್ನೊಂದೂಕಾಲು. ಗುರುವಾರದ ಭೋಸರಿ ಖಾಲಿಯಿತ್ತು. ಮಾಂತು ಮೂವತ್ತೈದು ವರ್ಷ ಅಡಗಿಸಿಟ್ಟಿದ್ದ ಆವೇಶವನ್ನೆಲ್ಲ ಅಂದು ಆಕ್ಸಲರೇಟರಿನ ಮೇಲೆ ಸುರಿದ. ನಾಸಿಕ್ ಫಾಟಾದ ಕೂಡುರಸ್ತೆ ದಾಟುವವರೆಗೆ ಗಾಡಿ ಹಾರಿತು. ದಾಪೋಡಿಯ ಹತ್ತಿರ ನಿಂತಿತು. ಎದುರಿಗೆ ಮದುವೆಯ ಮೆರವಣಿಗೆ: ಕುದುರೆಯ ಮೇಲೆ ಗಂಡು, ಮುಂದೆ ಬ್ಯಾಂಡು, ಬ್ಯಾಂಡಿನ ಮುಂದೆ ಕುಣಿಯುವ ಬೀಗರು. ಹಾರ್ನಿಗೆ ಯಾರು ಕಿವಿಗೊಡುತ್ತಾರೆ? ಬಸವಲಿಂಗ ಹಿಂದಿನಿಂದ ಧುಮುಕಿದ. ಜುಬ್ಬಾಕ್ಕೆ ಹಿಟ್ಟು ಮೆತ್ತಿಕೊಂಡು, ಎರಡೂ ಕೈ ಎತ್ತಿ, ಪೇಶಂಟ್ ಇದ್ದಾರೆ, ದಾರಿ ಬಿಡಿ ಎಂದು ಮರಾಠಿಯಲ್ಲಿ ಬೇಡುತ್ತ ಬ್ಯಾಂಡಿನೊಳಗೇ ನುಗ್ಗಿದ. ತುತ್ತೂರಿಯವನು ಗಾಬರಿಯಾಗಿ ಪಕ್ಕಕ್ಕೆ ಸರಿದ. ಗಂಡು ಕೂತ ಕುದುರೆಯನ್ನು ಒಬ್ಬ ಹಿಡಿದು ಫುಟ್‌ಪಾತಿಗೆ ಏರಿಸಿದ. ಟೆಂಪೋ ನುಸುಳಿತು, ಬಸವಲಿಂಗ ಓಡುತ್ತ ಬಂದು ಹಿಂದೆ ನೇತುಬಿದ್ದ.

ಮುಂದಿನ ಸೀಟಿನಲ್ಲಿ ಶಿವಗಂಗವ್ವ ಎಡಗೈಯಿಂದ ತಮ್ಮನ ಮಣಿಕಟ್ಟು ಹಿಡಿದೇ ಇದ್ದಳು, ಬಿಟ್ಟರೆ ಹಾರಿಹೋಗುವನೇನೋ ಎಂಬ ಹಾಗೆ. ಬಲಗೈ ಮತ್ತು ಹಲ್ಲು ಸೇರಿಸಿ ಶಿವದಾರದ ಗಂಟು ಹಾಕಿ ಅವನ ಕೊರಳಿಗೆ ಲಿಂಗ ಕಟ್ಟಿದಳು. ಅವನು ತಡೆಯಲಿಲ್ಲ. ಯಾಕೆ ಕೊಟ್ಟೆ ಎಂದು ಕೇಳಿದ್ದಕ್ಕೆ, ಅಂಥ ಸಾವಿಗೆ ಹೊರಟವನ ಮೈಮೇಲೆ ಅದು ಇರಬಾರದು ಅನಿಸಿತು ಎಂದ. ಯಾರು ಹೇಳಿದರು ಹಾಗೆ ಎಂದು ಆಕೆ ಸಿಟ್ಟಿನಿಂದ ಕೇಳಿದಳು. ಯಾರೂ ಹೇಳಿಲ್ಲ, ದನಿಯೂ ಅಲ್ಲ, ನನಗೇ ಅನಿಸಿದ್ದು ಎಂದ. ಅಷ್ಟು ಮಾತನ್ನು ಅವನು ಒಂದು ವರ್ಷದಲ್ಲಿ ಆಡಿರಲಿಲ್ಲ, ಅದಕ್ಕೇ ಆಕೆ ಕೇಳುತ್ತಲೇ ಹೋದಳು.

ಅವರು ದವಾಖಾನೆ ಮುಟ್ಟಿದಾಗ ಕಿಟಕಿಯ ಶಟರು ಅರ್ಧ ಇಳಿದಿತ್ತು. ಬಸವಲಿಂಗ ಅದರ ಕೆಳಗೆ ತೋಳು ಚಾಚಿ, ಶಟರು ಬೇಕಾದರೆ ಕೈ ಮೇಲೆ ಎಳೆಯಿರಿ ಎಂದ. ಒಳಗಿನವನು ಗೊಣಗುತ್ತ ಕೇಸ್ ಪೇಪರ್ ಬರೆದುಕೊಟ್ಟ. ಡಾಕ್ಟರ್ ರಂಜನಾ ಕೊನೆಯ ರೋಗಿಯನ್ನು ಕಳಿಸಿ ಎದ್ದು ನಿಂತಿದ್ದವರು, ಇವರನ್ನು ಕಂಡು ಮತ್ತೆ ಕೂತರು. ಎಂದಿನಂತೆ, ಹೊಳಬಸಪ್ಪಾ ಹೇಗಿದ್ದೀ ಎಂದರು. ಎಂದಿನಂತೆ ಅವನು ಅಕ್ಕನ ಮುಖ ನೋಡಿದ. ಶಿವಗಂಗವ್ವ ಸೆರಗಿನ ತುದಿಯನ್ನು ಬಾಯಲ್ಲಿ ತುರುಕಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು.

ಅವನು ಮರಾಠಿಯಲ್ಲಿ ಶುರುಮಾಡಿದ, ಅರ್ಧಕ್ಕೆ ಕನ್ನಡಕ್ಕೆ ಬಂದ. ಡಾಕ್ಟರಿಗೆ ಕನ್ನಡ ಬಾರದು. ಬಸವಲಿಂಗ ಪಕ್ಕದಲ್ಲಿ ನಿಂತು ಒಂದೊಂದೇ ಮಾತನ್ನು ಮರಾಠಿಗೆ ತಿರುಗಿಸಬೇಕಾಯಿತು. ನಸುಕಿನ ಮೂರಕ್ಕೆ ಎಚ್ಚರಾದರೆ ಎದೆಯ ಮೇಲೆ ಯಾರೋ ಅಚ್ಚಿನ ಉಕ್ಕು ಇಟ್ಟಂತಿರುತ್ತದೆ. ರೊಟ್ಟಿ ಬಾಯಲ್ಲಿ ರಟ್ಟಿನಂತೆ ತಿರುಗುತ್ತದೆ. ಲಿಂಗವನ್ನು ಅಂಗೈಗೆ ತೆಗೆದುಕೊಂಡ ಮೇಲೆ ತಿರುಗಿ ಕಟ್ಟಿಕೊಳ್ಳುವಷ್ಟು ತ್ರಾಣವೂ ಇರುವುದಿಲ್ಲ, ಅದಕ್ಕೇ ಎರಡು ತಾಸು ಹಾಗೇ ಕೂತಿರುತ್ತಿದ್ದೆ. ಇಷ್ಟನ್ನು ಬಸವಲಿಂಗ ಹೇಗೋ ಮರಾಠಿಯಲ್ಲಿ ಹೇಳಿದ.

‘ನಾ ಒದರ್ಯಾಡಿದಾಗ ಎಲ್ಲಾರೂ ಎಳಕೊಂಡು ದವಾಖಾನಿಗೆ ತಂದ್ರಿ,’ ಎಂದ ಹೊಳಬಸಪ್ಪ. ‘ಕುಡದು ಬಿದ್ದಾಗೂ ತಂದ್ರಿ. ಸುಮ್ಮನ ಕುಂತಾಗ ಕಾಲಿಗೆ ಬಿದ್ರಿ.’

ಬಸವಲಿಂಗ ಅದನ್ನೂ ತಿರುಗಿಸಿದ, ಒಂದಕ್ಷರ ಬಿಡದೆ. ಆಮೇಲೆ ರೇಷ್ಮೆ ತೋಳಿನಿಂದ ಕಣ್ಣೊರೆಸಿಕೊಂಡು ಹೊರಗೆ ಹೋದ.

ಡಾಕ್ಟರ್ ರಂಜನಾ ಮೊದಲು ತಪ್ಪು ತಮ್ಮದೂ ಇದೆ ಎಂದರು. ಮುಂದಿನ ಸಲ ಎಂದು ಬಿಡಬಾರದಿತ್ತು. ಆಮೇಲೆ ಶಿವಗಂಗವ್ವನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. ದನಿ ಕೇಳಿಸುವುದು ಒಂದು ಕಾಯಿಲೆ, ಕುಡಿತ ಎರಡನೆಯದು, ಈ ಖಿನ್ನತೆ ಮೂರನೆಯದು. ಮೊದಲಿನ ಎರಡೂ ಇದ್ದವರಿಗೆ ಮೂರನೆಯದು ಬರುವುದು ಅಪರೂಪವಲ್ಲ. ಅವು ಗಲಾಟೆ ಮಾಡುತ್ತವೆ, ಇದು ಸದ್ದು ಮಾಡುವುದಿಲ್ಲ. ಅದಕ್ಕೇ ಮನೆಯವರೂ ಡಾಕ್ಟರೂ ಇದನ್ನು ದಾಟಿಕೊಂಡು ಹೋಗುತ್ತಾರೆ. ಎಷ್ಟೋ ಜನ ಈ ಭಾರ ತಾಳದೆ ತಿರುಗಿ ದಾರೂ ಹಿಡಿಯುತ್ತಾರೆ, ಇವನು ಹಿಡಿದಿಲ್ಲ. ಇದಕ್ಕೂ ಔಷಧ ಇದೆ, ಆದರೆ ಹತ್ತಲು ವಾರಗಳು ಬೇಕು, ಅಲ್ಲಿಯವರೆಗೆ ಇಲ್ಲೇ ಇರಲಿ. ಅವನ ಎದುರೇ ಹೇಳಿದರು, ಅವನನ್ನೂ ಕೇಳಿದರು. ಇರುತ್ತೇನೆ ಎಂದ ಅವನು. ಶಿವಗಂಗವ್ವ ಅಲ್ಲಿಯೇ, ಇಳಕಲ್ ಸೀರೆಯಲ್ಲಿ, ಡಾಕ್ಟರ ಮುಂದೆಯೇ ಜೋರಾಗಿ ಅತ್ತಳು. ದುಃಖವೂ ಇತ್ತು. ಆದರೆ ಹೆಚ್ಚು ಪಾಲು, ತಮ್ಮ ಇನ್ನೂ ಇದ್ದಾನಲ್ಲ ಎಂಬ ಎದೆ ಒಡೆಯುವಂಥ ಸಂತೋಷವೇ.

ಏಳುನೂರು ರೊಟ್ಟಿಯ ಗತಿ? ಸಭಾಂಗಣದಲ್ಲಿ ಶರಣರೂ ಇಲ್ಲ, ರೊಟ್ಟಿಯೂ ಇಲ್ಲ. ಮುನ್ನೂರು ಜನ ಬರೀ ಅನ್ನ ಸಾರು ಉಂಡು ಎದ್ದರಂತೆ. ಇತ್ತ ದವಾಖಾನೆಯ ಅಂಗಳದಲ್ಲಿ ರೋಗಿಗಳ ಕಡೆಯವರು ಬಿಸಿಲಲ್ಲಿ ಕೂತಿದ್ದರು. ಮಾಂತು ಯಾರ ಅಪ್ಪಣೆಯನ್ನೂ ಕೇಳದೆ ಟೆಂಪೋದ ಹಿಂಬಾಗಿಲು ತೆರೆದ. ಬಸವಲಿಂಗ ಬಡಿಸಿದ.

ಹೊಳಬಸಪ್ಪ ಹದಿನಾರು ದಿನ ಅಲ್ಲಿದ್ದ. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದನ್ನು ಶಿವಗಂಗವ್ವ ಬಾಯಿಪಾಠ ಮಾಡಿಕೊಂಡಳು. ಒಬ್ಬನನ್ನೇ ಬಿಡಬೇಡಿ. ಔಷಧ ನಿಮ್ಮ ಕೈಯಲ್ಲಿರಲಿ. ವಾರಕ್ಕೊಮ್ಮೆ ತಪ್ಪದೆ ಕರೆತನ್ನಿ. ಸಾಯಬೇಕೆನಿಸುತ್ತದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಆ ವಿಚಾರ ಬರುತ್ತದೆ ಎಂದು ಹೆದರಬೇಡಿ, ಅದು ಆಗಲೇ ಬಂದಿರುತ್ತದೆ. ಸರಿ, ಆಕೆಗೆ ಹೇಳಿದ್ದೇ ತಡ. ದಿನಾ ಬೆಳಿಗ್ಗೆ ರೊಟ್ಟಿ ಬಡಿಯುತ್ತ, ನಾಲ್ವರು ಹೆಂಗಸರ ಮುಂದೆ, ತವೆಯ ಸದ್ದನ್ನೂ ಮೀರಿ ಕೇಳುವಳು: ‘ತಮ್ಮಾ, ಇವತ್ತ ಸಾಯಬೇಕು ಅನಸ್ತದೇನು?’ ಮೊದಲ ದಿನ ಆ ಹೆಂಗಸರು ಹೌಹಾರಿದರು. ‘ಅನಸ್ತದ’ ಎನ್ನುವನು ಅವನು. ಹಾಗಾದರೆ ನನ್ನ ಪಕ್ಕ ಕೂತು ಬುಟ್ಟಿಗೆ ರೊಟ್ಟಿ ಹಾಕು ಎನ್ನುವಳು ಆಕೆ. ಅವನು ಕೂರುವನು. ಹೀಗೆ ಮೂರು ವಾರ ‘ಅನಸ್ತದ’. ಆಮೇಲೆ ಕೆಲವು ದಿನ ‘ಸ್ವಲ್ಪ’. ನಡುವೆ ನಾಲ್ಕು ದಿನ ಮತ್ತೆ ‘ಭಾಳ ಅನಸ್ತದ’. ಆಗ ಆಕೆ ರೊಟ್ಟಿ ಬಿಟ್ಟು ಅವನನ್ನು ಕರೆದುಕೊಂಡು ದವಾಖಾನೆಗೆ ಓಡಿದಳು, ಡಾಕ್ಟರು ಔಷಧ ಬದಲಿಸಿದರು.

ಜನ ಸುಮ್ಮನಿರಲಿಲ್ಲ. ನೂರು ಜನ, ನೂರು ಮಾತು. ಶರಣರ ತಪಸ್ಸನ್ನು ಅಕ್ಕನೇ ಕೆಡಿಸಿದಳು ಎಂದು ಒಬ್ಬಳು ನಲ್ಲಿಯ ಹತ್ತಿರ ಆಡಿದಳು. ಹೌದು, ಕೆಡಿಸಿದೆ, ಇನ್ನೂ ಕೆಡಿಸುತ್ತೇನೆ ಎಂದು ಶಿವಗಂಗವ್ವ ಕೊಡ ಎತ್ತಿಕೊಂಡಳು. ಹೊಸ ಗಾಡಿಯ ಬೀಗದ ಕೈ ಹಿಡಿದು ಬಂದ ಇನ್ನೊಬ್ಬನನ್ನು ಬಾಗಿಲಿಂದಲೇ ಓಡಿಸಿದಳು. ಬಸವಲಿಂಗ ಮಾತ್ರ ಗುರುವಾರ ಗುರುವಾರ ಬರುತ್ತಾನೆ. ಕೈಮುಗಿಯುವುದಿಲ್ಲ, ಹೊಳಬಸಪ್ಪನ ಜೊತೆ ಚೌಕಾಬಾರ ಆಡಿ, ಸೋತು, ಹೋಗುತ್ತಾನೆ.

ಶ್ರಾವಣದ ಒಂದು ಬೆಳಿಗ್ಗೆ. ಶಿವಗಂಗವ್ವ ಹಿಟ್ಟು ಮುರಿದು ಉಂಡೆ ಮಾಡುತ್ತ, ಎಂದಿನ ಗಂಟಲಲ್ಲಿ ಎಂದಿನ ಪ್ರಶ್ನೆ ಕೇಳಿದಳು. ಹೊಳಬಸಪ್ಪ ಗೋಡೆಗೆ ಒರಗಿ ಕೂತಿದ್ದ. ಹುಬ್ಬು ಗಂಟಿಕ್ಕಿದ.

‘ದಿನಾ ಮುಂಜಾನೆ ಎದ್ದ ಕೂಡಲೇ ಸಾಯ್ತೀಯೇನು ಸಾಯ್ತೀಯೇನು ಅಂತ ತಲಿ ತಿಂತೀಯಲ್ಲ. ಮೊದಲ ಚಾ ಕೊಡು.’

ಆಕೆಯ ಕೈ ನಿಂತಿತು. ತವೆಯ ಮೇಲಿನ ರೊಟ್ಟಿ ಸೀದು ಹೊಗೆಯೆದ್ದರೂ ಯಾರೂ ತೆಗೆಯಲಿಲ್ಲ. ಹಿಟ್ಟು ಮೆತ್ತಿದ ಕೈಯಲ್ಲೇ ಶಿವಗಂಗವ್ವ ಬೀದಿಗೆ ಓಡಿ, ಟೆಂಪೋ ಒರೆಸುತ್ತಿದ್ದ ಮಾಂತುವಿಗೆ, ಹಾಲಿನವನಿಗೆ, ಎದುರು ಮನೆಯ ಮರಾಠಿಯವಳಿಗೆ ಅವಳ ಭಾಷೆಯಲ್ಲಿಯೇ, ನನ್ನ ತಮ್ಮ ನನಗೆ ಬೈದ, ಸಿಟ್ಟು ಮಾಡಿ ಬೈದ ಎಂದು ಹೇಳಿ ಬಂದಳು. ಹಾಲಿನವನು, ಬೈದರೆ ಇಷ್ಟು ನಗುವುದೇಕೆ ಎಂದು ಕ್ಯಾನು ಹಿಡಿದು ನೋಡುತ್ತ ನಿಂತ. ಡಾಕ್ಟರಿಗೂ ಫೋನು ಹೋಯಿತು. ಅವರು ನಕ್ಕರು, ಒಳ್ಳೆಯ ಸುದ್ದಿ, ಆದರೆ ಕೇಳುವುದನ್ನು ನಿಲ್ಲಿಸಬೇಡಿ ಎಂದರು.

ಮರುದಿನ ಆಕೆ ಮೊದಲು ಚಹಾ ಕೊಟ್ಟಳು. ಅವನು ಕುಡಿದು ಬಟ್ಟಲು ಕೆಳಗಿಡುವವರೆಗೆ ಕಾದು, ಆಮೇಲೆ ಕೇಳಿದಳು. ಹೊಳಬಸಪ್ಪ ಅಚ್ಚಿನ ಮೇಲೆ ಬೆರಳಾಡಿಸಿ ನೋಡುವಾಗಿನ ಹಾಗೆ ಕಣ್ಣು ಮುಚ್ಚಿ, ಒಳಗೆಲ್ಲ ಹುಡುಕಿ ನೋಡಿದ.

‘ಇವತ್ತ ಇಲ್ಲ’ ಎಂದ.